ಕಂಪ್ಯೂಟರಿನಲ್ಲಿ ಫೈಲು ಹುಡುಕುವುದು ಮತ್ತು ಮರಳಿ ತೆರೆಯುವುದು: ಕನ್ನಡದಲ್ಲಿ ಬರೆಯುವವರಿಗೊಂದು ಮಾರ್ಗದರ್ಶಿ

ಮೊನ್ನೆ ಬರೆದಿಟ್ಟ ಅರ್ಜಿ, ಹೋದ ವರ್ಷದ ಬಾಡಿಗೆ ಕರಾರು, ಮಗಳ ಅಂಕಪಟ್ಟಿಯ ಸ್ಕ್ಯಾನ್ ಪ್ರತಿ, ಸಂಘದ ವಾರ್ಷಿಕ ವರದಿ ಇವೆಲ್ಲ ಕಂಪ್ಯೂಟರಿನಲ್ಲಿ ಇವೆ ಎಂದು ಖಚಿತವಾಗಿ ಗೊತ್ತಿದ್ದರೂ ಬೇಕಾದ ಹೊತ್ತಿಗೆ ಕಣ್ಣಿಗೆ ಬೀಳುವುದಿಲ್ಲ. ಹೀಗೆ ಕಳೆದುಹೋದವೆಂದು ನಾವು ಭಾವಿಸುವ ಫೈಲುಗಳಲ್ಲಿ ಹೆಚ್ಚಿನವು ಅಳಿಸಿಹೋಗಿರುವುದಿಲ್ಲ, ನಾವು ನೋಡುತ್ತಿರುವ ಜಾಗದಲ್ಲಿ ಇರುವುದಿಲ್ಲ ಅಷ್ಟೆ. ಆದ್ದರಿಂದ ಹುಡುಕುವ ಪೆಟ್ಟಿಗೆಯಲ್ಲಿ ತೋಚಿದ ಪದವನ್ನು ಟೈಪ್ ಮಾಡುವ ಮೊದಲು, ಆ ಫೈಲಿನ ಬಗ್ಗೆ ನಿಮಗೆ ನಿಜವಾಗಿ ನೆನಪಿರುವುದು ಏನು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಫೈಲಿನ ಹೆಸರು ಸರಿಯಾಗಿ ನೆನಪಿರುವುದು ಅಪರೂಪ. ಅದರ ಮೇಲೆ ಯಾವಾಗ ಕೆಲಸ ಮಾಡಿದಿರಿ, ಯಾವ ಪ್ರೋಗ್ರಾಮಿನಲ್ಲಿ ತೆರೆದಿರಿ, ಯಾರು ಕಳಿಸಿಕೊಟ್ಟರು, ಸುಮಾರಾಗಿ ಎಲ್ಲಿಟ್ಟಿರಿ ಎಂಬುವು ಹೆಸರಿಗಿಂತ ಚೆನ್ನಾಗಿ ಮನಸ್ಸಿನಲ್ಲಿ ಉಳಿದಿರುತ್ತವೆ. ಈ ಒಂದೊಂದು ನೆನಪಿಗೂ ಕಂಪ್ಯೂಟರಿನಲ್ಲಿ ಒಂದೊಂದು ದಾರಿಯಿದೆ, ಮತ್ತು ಸರಿಯಾದ ದಾರಿಯನ್ನು ಮೊದಲೇ ಆರಿಸಿಕೊಂಡರೆ ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಇದು ಕೇವಲ ನನ್ನ ಅನಿಸಿಕೆಯಲ್ಲ. ಥಾಮಸ್ ಮ್ಯಾಲೋನ್ ಅವರು 1983ರಲ್ಲಿ, ಕಚೇರಿಗಳಲ್ಲಿ ಜನ ತಮ್ಮ ಮೇಜಿನ ಮೇಲೆ ಕಾಗದಗಳನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಗದ ಎಲ್ಲಿದೆ ಎಂಬುದು ಅದನ್ನು ಹುಡುಕಲು ಮಾತ್ರವಲ್ಲ, ಆ ಕೆಲಸ ಬಾಕಿಯಿದೆ ಎಂದು ನೆನಪಿಸಲೂ ನೆರವಾಗುತ್ತದೆ ಎಂದು ತೋರಿಸಿದರು. 1995ರಲ್ಲಿ ಡೆಬೊರಾ ಬ್ಯಾರೋ ಮತ್ತು ಬಾನಿ ನಾರ್ಡಿ ಅವರು ಕಂಪ್ಯೂಟರ್ ಬಳಸುವವರಲ್ಲೂ ಇದೇ ಸ್ವಭಾವವನ್ನು ಕಂಡರು: ಜನ ಹೆಸರು ಕೊಟ್ಟು ಹುಡುಕುವುದಕ್ಕಿಂತ, ಇಟ್ಟ ಜಾಗಕ್ಕೆ ಹೋಗಿ ಕಣ್ಣಾಡಿಸುವುದನ್ನೇ ಹೆಚ್ಚು ಇಷ್ಟಪಡುತ್ತಾರೆ. ಆಗ ಹುಡುಕುವ ಸೌಲಭ್ಯಗಳು ನಿಧಾನವಾಗಿದ್ದವು, ಅದಕ್ಕೇ ಹೀಗೆ ಎಂದು ವಾದಿಸಬಹುದಿತ್ತು. ಆದರೆ ಹುಡುಕಾಟ ಬಹಳ ವೇಗವಾದ ಮೇಲೆ, 2008ರಲ್ಲಿ, ಓಫರ್ ಬರ್ಗ್‌ಮನ್ ಮತ್ತು ಅವರ ಜೊತೆಗಾರರು ಮತ್ತೆ ಪರಿಶೀಲಿಸಿದಾಗಲೂ ಜನ ಫೋಲ್ಡರ್ ತೆರೆಯುತ್ತ ಹೋಗುವ ರೂಢಿಯನ್ನು ಬಿಟ್ಟಿರಲಿಲ್ಲ. ಹೆಚ್ಚಾಗಿ, ಇಟ್ಟ ಜಾಗ ನೆನಪಿಲ್ಲದಾಗ ಮಾತ್ರ ಹುಡುಕಾಟದ ಮೊರೆ ಹೋಗುತ್ತಿದ್ದರು. ಹಾಗಾಗಿ ಹುಡುಕಾಟವನ್ನು ಕೊನೆಯ ಉಪಾಯವಾಗಿ ಬಳಸುವವರು ತಪ್ಪು ಮಾಡುತ್ತಿದ್ದಾರೆ ಎಂದುಕೊಳ್ಳಬೇಕಾಗಿಲ್ಲ. ಕೆಳಗಿನ ಕ್ರಮವೂ ಆ ಸ್ವಭಾವವನ್ನೇ ಅನುಸರಿಸುತ್ತದೆ. ಉದಾಹರಣೆಗಳನ್ನು ಮುಖ್ಯವಾಗಿ ವಿಂಡೋಸ್ 10 ಮತ್ತು 11ರಿಂದ ಕೊಟ್ಟಿದ್ದೇನೆ.

ಇತ್ತೀಚೆಗೆ ತೆರೆದದ್ದಾದರೆ

ನಾವು ಮತ್ತೆ ತೆರೆಯುವ ಫೈಲುಗಳಲ್ಲಿ ಬಹುಪಾಲು ಈಚಿನ ಕೆಲವು ದಿನಗಳಲ್ಲಿ ಒಮ್ಮೆಯಾದರೂ ತೆರೆದವೇ ಆಗಿರುತ್ತವೆ. ಇಂಥವನ್ನು ಹುಡುಕುವ ಅಗತ್ಯವೇ ಇಲ್ಲ, ಏಕೆಂದರೆ ಕಂಪ್ಯೂಟರು ಅವುಗಳ ಪಟ್ಟಿಯನ್ನು ತಾನಾಗಿಯೇ ಇಟ್ಟುಕೊಂಡಿರುತ್ತದೆ. ವರ್ಡ್, ಎಕ್ಸೆಲ್ ಮುಂತಾದವುಗಳಲ್ಲಿ ಫೈಲ್ ಮೆನು, ಓಪನ್, ರೀಸೆಂಟ್ ಎಂದು ಹೋದರೆ ಆ ಪಟ್ಟಿ ಕಾಣಿಸುತ್ತದೆ. ಪ್ರತಿ ಹೆಸರಿನ ಕೆಳಗೆ ಅದು ಯಾವ ಫೋಲ್ಡರಿನಲ್ಲಿದೆ ಎಂದೂ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಲಿಬ್ರೆಆಫೀಸಿನಲ್ಲಿ ಫೈಲ್ ಮೆನುವಿನಲ್ಲೇ ರೀಸೆಂಟ್ ಡಾಕ್ಯುಮೆಂಟ್ಸ್ ಎಂಬ ಸಾಲಿದೆ. ಪ್ರೋಗ್ರಾಮನ್ನು ತೆರೆಯುವ ಮೊದಲೇ ಪಟ್ಟಿ ಬೇಕೆಂದರೆ ಪರದೆಯ ಕೆಳಗಿನ ಟಾಸ್ಕ್‌ಬಾರಿನಲ್ಲಿ ವರ್ಡ್ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ. 2009ರಲ್ಲಿ ವಿಂಡೋಸ್ 7ರೊಂದಿಗೆ ಬಂದ ಈ ಸೌಲಭ್ಯವನ್ನು ಜಂಪ್ ಲಿಸ್ಟ್ ಎನ್ನುತ್ತಾರೆ. ಇಷ್ಟು ವರ್ಷಗಳಾದರೂ ಇದನ್ನು ಬಳಸದ ಜನರೇ ಹೆಚ್ಚು ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ದಿನಕ್ಕೆ ಹತ್ತಾರು ಬಾರಿ ನಾವು ಮಾಡುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ. ಪಟ್ಟಿಯಲ್ಲಿರುವ ಹೆಸರಿನ ಪಕ್ಕದ ಪಿನ್ ಚಿಹ್ನೆಯನ್ನು ಒತ್ತಿದರೆ ಆ ಫೈಲು ಪಟ್ಟಿಯ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಮನೆಯ ಲೆಕ್ಕದ ಹಾಳೆ, ಹಾಜರಿ ಪಟ್ಟಿ, ಪಾಠ ಯೋಜನೆಯಂಥ ಪದೇ ಪದೇ ಬೇಕಾಗುವ ಫೈಲುಗಳಿಗೆ ಹೀಗೆ ಪಿನ್ ಮಾಡಿಟ್ಟುಕೊಳ್ಳುವುದೇ ಸರಿ.

ಯಾವ ಪ್ರೋಗ್ರಾಮಿನಲ್ಲಿ ತೆರೆದಿದ್ದಿರಿ ಎಂಬುದೂ ನೆನಪಿಲ್ಲದಿದ್ದರೆ ವಿಂಡೋಸ್ ಕೀಲಿ ಮತ್ತು ಇ ಅಕ್ಷರವನ್ನು ಒಟ್ಟಿಗೆ ಒತ್ತಿ ಫೈಲ್ ಎಕ್ಸ್‌ಪ್ಲೋರರ್ ತೆರೆಯಿರಿ. ವಿಂಡೋಸ್ 11ರಲ್ಲಿ ಹೋಮ್, 10ರಲ್ಲಿ ಕ್ವಿಕ್ ಆಕ್ಸೆಸ್ ಎಂಬ ಪುಟದಲ್ಲಿ ಈಚೆಗೆ ತೆರೆದ ಎಲ್ಲ ಬಗೆಯ ಫೈಲುಗಳೂ ಒಟ್ಟಿಗೆ ಕಾಣಿಸುತ್ತವೆ. ಇದಕ್ಕಿಂತ ಉದ್ದದ ಪಟ್ಟಿ ಬೇಕಾದವರು ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಶೆಲ್ ಎಂದು ಬರೆದು, ಕೋಲನ್ ಇಟ್ಟು, ಜಾಗ ಬಿಡದೆ ರೀಸೆಂಟ್ ಎಂದು ಸೇರಿಸಿ ಎಂಟರ್ ಒತ್ತಬಹುದು. ಅಲ್ಲಿ ತೆರೆದುಕೊಳ್ಳುವುದು ಫೈಲುಗಳಲ್ಲ, ಅವುಗಳಿಗೆ ದಾರಿ ತೋರುವ ಶಾರ್ಟ್‌ಕಟ್‌ಗಳು. ತಾರೀಖಿನ ಕ್ರಮದಲ್ಲಿ ಜೋಡಿಸಿದರೆ ಹಲವು ವಾರಗಳ ಹಿಂದಿನ ಕೆಲಸವೂ ಕಣ್ಣೆದುರಿಗೆ ಬರುತ್ತದೆ.

ಈ ಪಟ್ಟಿಗಳ ಮಿತಿಯೂ ತಿಳಿದಿರಬೇಕು. ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದ್ದರೆ ಅಥವಾ ಅದರ ಹೆಸರು ಬದಲಿಸಿದ್ದರೆ ಪಟ್ಟಿಯಲ್ಲಿ ಹಳೆಯ ಹೆಸರೇ ಉಳಿದು, ಒತ್ತಿದಾಗ ಫೈಲು ಸಿಗಲಿಲ್ಲ ಎಂಬ ಸಂದೇಶ ಬರಬಹುದು. ಪೆನ್‌ಡ್ರೈವಿನಿಂದ ತೆರೆದ ಫೈಲಾದರೆ, ಆ ಪೆನ್‌ಡ್ರೈವ್ ಈಗ ಚುಚ್ಚಿರದ ಕಾರಣ ಅಥವಾ ಹೋದ ಸಲ ಇ ಡ್ರೈವ್ ಆಗಿದ್ದುದು ಈ ಸಲ ಎಫ್ ಆಗಿರುವ ಕಾರಣ ಅದೇ ಸಂದೇಶ ಬರುತ್ತದೆ. ಆದರೂ ಆ ಸಾಲು ನಿಷ್ಪ್ರಯೋಜಕವಲ್ಲ: ಫೈಲಿನ ನಿಜವಾದ ಹೆಸರು ಏನಿತ್ತು, ಎಲ್ಲಿತ್ತು ಎಂಬ ಎರಡು ಸುಳಿವುಗಳನ್ನು ಅದು ಕೊಟ್ಟಿರುತ್ತದೆ. ಪಟ್ಟಿಯೇ ಖಾಲಿಯಿದ್ದರೆ ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಸ್ಟಾರ್ಟ್ ಎಂದು ಹೋಗಿ, ಈಚಿನ ಫೈಲುಗಳನ್ನು ತೋರಿಸುವ ಆಯ್ಕೆ ಆನ್ ಆಗಿದೆಯೇ ನೋಡಿ. ಹಲವರು ಕೂರುವ ಕಚೇರಿ ಕಂಪ್ಯೂಟರುಗಳಲ್ಲಿ ಇದನ್ನು ಬೇಕೆಂದೇ ಆಫ್ ಮಾಡಿರುತ್ತಾರೆ, ಮತ್ತು ಅದು ಸರಿಯಾದ ಕ್ರಮವೇ. ಒಬ್ಬರು ತೆರೆದ ವೈದ್ಯಕೀಯ ವರದಿಯ ಹೆಸರು ಇನ್ನೊಬ್ಬರ ಕಣ್ಣಿಗೆ ಬೀಳಬಾರದು.

ಪಟ್ಟಿಯಿಂದ ಫೈಲು ಸಿಕ್ಕಿದ ಕೂಡಲೇ ಅದು ವಾಸವಾಗಿರುವುದು ಎಲ್ಲಿ ಎಂದು ತಿಳಿದುಕೊಳ್ಳುವುದನ್ನು ಮರೆಯಬೇಡಿ. ಎಕ್ಸ್‌ಪ್ಲೋರರಿನ ಪಟ್ಟಿಯಲ್ಲಿ ಹೆಸರಿನ ಮೇಲೆ ಬಲಗುಂಡಿ ಒತ್ತಿ ಓಪನ್ ಫೈಲ್ ಲೊಕೇಶನ್ ಆರಿಸಿದರೆ ಆ ಫೋಲ್ಡರೇ ತೆರೆದುಕೊಳ್ಳುತ್ತದೆ. ವರ್ಡಿನಲ್ಲಾದರೆ ಫೈಲ್ ಮೆನುವಿನ ಇನ್ಫೊ ಪುಟದಲ್ಲಿ ಅದೇ ಆಯ್ಕೆಯಿದೆ.

ಎಲ್ಲಿಂದ ಬಂದದ್ದು ಎಂಬುದು ನೆನಪಿದ್ದರೆ

ಬ್ರೌಸರಿನಿಂದ ಇಳಿಸಿಕೊಂಡದ್ದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಫೋಲ್ಡರು ತುಂಬಿ ತುಳುಕುತ್ತಿದ್ದರೆ ಅದರೊಳಗೆ ಹುಡುಕುವ ಬದಲು ಕ್ರೋಮ್, ಎಡ್ಜ್ ಅಥವಾ ಫೈರ್‌ಫಾಕ್ಸಿನಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ. ಇಳಿಸಿಕೊಂಡ ಕ್ರಮದಲ್ಲಿ ಪಟ್ಟಿ ಬರುತ್ತದೆ, ಅದರಲ್ಲೇ ಫೋಲ್ಡರನ್ನು ತೋರಿಸುವ ಗುಂಡಿಯೂ ಇರುತ್ತದೆ. ತೆರೆದಿದ್ದ ಟ್ಯಾಬನ್ನು ಕೈತಪ್ಪಿ ಮುಚ್ಚಿದ್ದಾದರೆ ಕಂಟ್ರೋಲ್, ಶಿಫ್ಟ್ ಮತ್ತು ಟಿ ಒತ್ತಿದರೆ ಅದು ಮರಳಿ ಬರುತ್ತದೆ. ವಾಟ್ಸಾಪಿನಲ್ಲಿ ಬಂದ ಫೈಲಾದರೆ, ಕಳಿಸಿದವರ ಹೆಸರಿನ ಮೇಲೆ ಒತ್ತಿ ಮೀಡಿಯಾ, ಲಿಂಕ್ಸ್ ಮತ್ತು ಡಾಕ್ಸ್ ಎಂಬಲ್ಲಿ ನೋಡಿ. ನೂರಾರು ಸಂದೇಶಗಳನ್ನು ಮೇಲಕ್ಕೆ ಎಳೆಯುತ್ತ ಕೂರುವುದು ತಪ್ಪುತ್ತದೆ.

ಹೆಚ್ಚು ತೊಂದರೆ ಕೊಡುವುದು ಇ-ಮೇಲಿನ ಲಗತ್ತು ಮತ್ತು ಜಿಪ್ ಫೈಲು. ಲಗತ್ತನ್ನು ಇಳಿಸಿಕೊಳ್ಳದೆ ಮೇಲ್ ಪ್ರೋಗ್ರಾಮಿನಿಂದಲೇ ನೇರವಾಗಿ ತೆರೆದರೆ, ಅಥವಾ ಜಿಪ್ ಫೈಲನ್ನು ಬಿಚ್ಚದೆ ಅದರೊಳಗಿನ ಫೈಲನ್ನು ತೆರೆದರೆ, ನಾವು ನೋಡುತ್ತಿರುವುದು ಒಂದು ತಾತ್ಕಾಲಿಕ ಪ್ರತಿಯನ್ನು. ಅದರಲ್ಲಿ ಒಂದು ಗಂಟೆ ತಿದ್ದುಪಡಿ ಮಾಡಿ ಸೇವ್ ಒತ್ತಿದರೆ, ಆ ಬದಲಾವಣೆ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳದ ಟೆಂಪ್ ಫೋಲ್ಡರಿನೊಳಗೆ ಹೋಗಿ ಕೂರುತ್ತದೆ. ಮತ್ತೆ ಲಗತ್ತನ್ನು ತೆರೆದಾಗ ತಿದ್ದುಪಡಿ ಇಲ್ಲದ ಮೂಲ ಪ್ರತಿಯೇ ಕಾಣಿಸಿ ಗಾಬರಿಯಾಗುತ್ತದೆ. ಹೀಗಾದಾಗ ಮೇಲನ್ನು ಮತ್ತೆ ಮತ್ತೆ ತೆರೆಯಬೇಡಿ. ವರ್ಡಿನ ರೀಸೆಂಟ್ ಪಟ್ಟಿಗೆ ಹೋಗಿ, ಅದೇ ಹೆಸರಿನ ಯಾವ ಸಾಲಿನ ಕೆಳಗೆ ಟೆಂಪ್ ಎಂದೋ ಐನೆಟ್‌ಕ್ಯಾಶ್ ಎಂದೋ ಇದೆಯೋ ಅದನ್ನು ತೆರೆದು, ಕೂಡಲೇ ಸೇವ್ ಆಸ್ ಮೂಲಕ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಉಳಿಸಿಕೊಳ್ಳಿ. ತಾತ್ಕಾಲಿಕ ಫೋಲ್ಡರುಗಳನ್ನು ಕಂಪ್ಯೂಟರು ಆಗಾಗ ತಾನೇ ಖಾಲಿ ಮಾಡುವುದರಿಂದ ಇದನ್ನು ನಾಳೆಗೆ ಮುಂದೂಡಬಾರದು.

ಇನ್ನೊಂದು ಸಾಮಾನ್ಯ ಗೊಂದಲ ಡೆಸ್ಕ್‌ಟಾಪಿನದು. ಒನ್‌ಡ್ರೈವಿನ ಬ್ಯಾಕಪ್ ಆನ್ ಆಗಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಪಿಕ್ಚರ್ಸ್ ಫೋಲ್ಡರುಗಳು ಒನ್‌ಡ್ರೈವ್ ಫೋಲ್ಡರಿನ ಒಳಗಡೆಗೆ ಸ್ಥಳಾಂತರವಾಗುತ್ತವೆ. ಆಗ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಕೆಳಗೆ ಒಂದು ಡೆಸ್ಕ್‌ಟಾಪ್, ಅಲ್ಲೇ ಇರುವ ಒನ್‌ಡ್ರೈವ್ ಫೋಲ್ಡರಿನ ಒಳಗೆ ಮತ್ತೊಂದು ಡೆಸ್ಕ್‌ಟಾಪ್ ಇರಬಹುದು. ಪರದೆಯ ಮೇಲೆ ಕಾಣುವುದು ಎರಡನೆಯದು. ನಿನ್ನೆಯವರೆಗೆ ಪರದೆಯ ಮೇಲಿದ್ದ ಫೈಲುಗಳೆಲ್ಲ ಒಮ್ಮೆಗೇ ಮಾಯವಾದವು ಎನ್ನುವವರು ಈ ಎರಡೂ ಜಾಗಗಳನ್ನು ತೆರೆದು ನೋಡಿದ ಮೇಲೆಯೇ ಮುಂದಿನ ಯೋಚನೆ ಮಾಡಬೇಕು. ಒನ್‌ಡ್ರೈವಿನಲ್ಲಿ ಹೆಸರಿನ ಪಕ್ಕ ಮೋಡದ ಚಿತ್ರವಿದ್ದರೆ ಆ ಫೈಲು ನಿಮ್ಮ ಯಂತ್ರದಲ್ಲಿ ಇಳಿದಿಲ್ಲ, ಇಂಟರ್‌ನೆಟ್ ಇಲ್ಲದೆ ತೆರೆಯುವುದಿಲ್ಲ ಎಂದರ್ಥ.

ಸುಮಾರು ಯಾವಾಗ ಎಂಬುದು ನೆನಪಿದ್ದರೆ

ಫೋಲ್ಡರು ಗೊತ್ತಿದೆ, ಹೆಸರು ಗೊತ್ತಿಲ್ಲ, ಆದರೆ ಯುಗಾದಿಯ ಆಸುಪಾಸಿನಲ್ಲಿ ಮಾಡಿದ್ದು ಎಂದು ನೆನಪಿದೆ ಎಂದಿಟ್ಟುಕೊಳ್ಳಿ. ಫೋಲ್ಡರನ್ನು ಡೀಟೇಲ್ಸ್ ರೂಪದಲ್ಲಿ ತೆರೆದು ಡೇಟ್ ಮಾಡಿಫೈಡ್ ಎಂಬ ತಲೆಬರಹದ ಮೇಲೆ ಒತ್ತಿದರೆ ಕೊನೆಯ ಬಾರಿ ತಿದ್ದಿದ ಕ್ರಮದಲ್ಲಿ ಫೈಲುಗಳು ಜೋಡಣೆಯಾಗುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ, ಮತ್ತು ಅನುಭವಸ್ಥರೂ ಇದರಲ್ಲಿ ಎಡವುತ್ತಾರೆ. ಪೆನ್‌ಡ್ರೈವಿನಿಂದ ಒಂದು ಹಳೆಯ ಫೈಲನ್ನು ನಿನ್ನೆ ನಕಲು ಮಾಡಿಕೊಂಡಿರಿ ಎನ್ನೋಣ. ನಕಲಿನಲ್ಲಿ ತಿದ್ದಿದ ತಾರೀಖು ಹಳೆಯದೇ ಉಳಿಯುತ್ತದೆ, ಸೃಷ್ಟಿಯಾದ ತಾರೀಖು ಮಾತ್ರ ನಿನ್ನೆಯದಾಗುತ್ತದೆ. ಎರಡು ವರ್ಷದ ಹಿಂದೆ ತಿದ್ದಿ ನಿಲ್ಲಿಸಿದ್ದ ಫೈಲು ಹಾಗಾಗಿ ಪಟ್ಟಿಯ ಅಡಿಗೆ ಹೋಗಿ ಕೂರುತ್ತದೆ, ನಾವು ಮೇಲುಗಡೆ ಹುಡುಕುತ್ತಿರುತ್ತೇವೆ. ತಲೆಬರಹದ ಸಾಲಿನ ಮೇಲೆ ಬಲಗುಂಡಿ ಒತ್ತಿ ಡೇಟ್ ಕ್ರಿಯೇಟೆಡ್ ಎಂಬುದನ್ನೂ ಸೇರಿಸಿಕೊಂಡು ಅದರ ಮೇಲೆ ಜೋಡಿಸಿದರೆ ಆ ಫೈಲು ತುದಿಗೆ ಬರುತ್ತದೆ. ನನ್ನ ಯಂತ್ರಕ್ಕೆ ಯಾವಾಗ ಬಂತು ಎಂಬುದಕ್ಕೆ ಸೃಷ್ಟಿಯ ತಾರೀಖು, ನಾನು ಯಾವಾಗ ಕೆಲಸ ಮಾಡಿದೆ ಎಂಬುದಕ್ಕೆ ತಿದ್ದಿದ ತಾರೀಖು ಎಂದು ನೆನಪಿಟ್ಟುಕೊಂಡರೆ ಸಾಕು.

ಹೆಸರಿನ ತುಣುಕು ನೆನಪಿದ್ದರೆ

ಎಕ್ಸ್‌ಪ್ಲೋರರಿನ ಬಲತುದಿಯ ಹುಡುಕುವ ಪೆಟ್ಟಿಗೆ ನೀವು ಆ ಕ್ಷಣ ತೆರೆದಿರುವ ಫೋಲ್ಡರು ಮತ್ತು ಅದರೊಳಗಿನ ಫೋಲ್ಡರುಗಳಲ್ಲಿ ಮಾತ್ರ ಹುಡುಕುತ್ತದೆ. ಡೌನ್‌ಲೋಡ್ಸ್ ಒಳಗೆ ನಿಂತು ಡಾಕ್ಯುಮೆಂಟ್ಸಿನ ಫೈಲನ್ನು ಹುಡುಕಿದರೆ ಸಿಗುವುದಿಲ್ಲ. ಎರಡನೆಯದಾಗಿ, ಇದು ಸಾಮಾನ್ಯವಾಗಿ ಪದಗಳ ಆರಂಭವನ್ನು ನೋಡುತ್ತದೆ. ಹೆಸರಿನ ನಡುವಿನ ತುಣುಕು ಮಾತ್ರ ನೆನಪಿದ್ದರೆ ಆ ತುಣುಕಿನ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಬೇಕು.

ನಮ್ಮ ಕಡೆ ಕಂಪ್ಯೂಟರ್ ಜೋಡಿಸಿಕೊಡುವವರು ಹಾರ್ಡ್‌ಡಿಸ್ಕನ್ನು ಸಿ ಮತ್ತು ಡಿ ಎಂದು ಭಾಗ ಮಾಡಿ, ನಿಮ್ಮ ಫೈಲುಗಳನ್ನೆಲ್ಲ ಡಿ ಡ್ರೈವಿನಲ್ಲಿ ಇಟ್ಟುಕೊಳ್ಳಿ ಎಂದು ಹೇಳಿ ಹೋಗುವುದು ರೂಢಿ. ವಿಂಡೋಸ್ ಕೆಟ್ಟು ಮತ್ತೆ ಹಾಕಿಸಬೇಕಾದಾಗ ಡಿ ಡ್ರೈವ್ ಉಳಿಯುತ್ತದೆ ಎಂಬ ಆ ಸಲಹೆ ಒಳ್ಳೆಯದೇ. ಆದರೆ ಬೇಗ ಹುಡುಕಲೆಂದು ವಿಂಡೋಸ್ ತಾನಾಗಿ ಸೂಚಿ (ಇಂಡೆಕ್ಸ್) ಮಾಡಿಟ್ಟುಕೊಳ್ಳುವುದು ಬಳಕೆದಾರರ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮುಂತಾದ ಫೋಲ್ಡರುಗಳನ್ನು ಮಾತ್ರ. ಡಿ ಡ್ರೈವ್ ಆ ಸೂಚಿಯಲ್ಲಿ ಇರುವುದಿಲ್ಲ. ಅಲ್ಲಿ ಹುಡುಕಾಟ ಆಮೆವೇಗದಲ್ಲಿ ಸಾಗುವುದಕ್ಕೂ, ಫೈಲಿನ ಒಳಗಿನ ಪದಗಳು ಸಿಗದಿರುವುದಕ್ಕೂ ಇದೇ ಕಾರಣ. ಸ್ಟಾರ್ಟ್ ಮೆನುವಿನಲ್ಲಿ ಇಂಡೆಕ್ಸಿಂಗ್ ಆಪ್ಶನ್ಸ್ ಎಂದು ಟೈಪ್ ಮಾಡಿ, ಮಾಡಿಫೈ ಒತ್ತಿ, ಡಿ ಡ್ರೈವಿನ ಮುಂದೆ ಗುರುತು ಹಾಕಿ. ಸೂಚಿ ತಯಾರಾಗಲು ಕೆಲವು ಗಂಟೆಗಳೇ ಬೇಕಾಗಬಹುದು. ಲ್ಯಾಪ್‌ಟಾಪ್ ಆದರೆ ಚಾರ್ಜಿಗೆ ಹಾಕಿ ರಾತ್ರಿ ಬಿಟ್ಟುಬಿಡಿ.

ಹೆಸರಿನಿಂದ ಹುಡುಕುವುದಷ್ಟೇ ಬೇಕಾದವರಿಗೆ ವಾಯ್ಡ್‌ಟೂಲ್ಸ್ ಎಂಬ ಹೆಸರಿನಲ್ಲಿ ಬರುವ ಎವ್ರಿಥಿಂಗ್ ಎಂಬ ಉಚಿತ ಪ್ರೋಗ್ರಾಮನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ವಿಂಡೋಸ್ ಸಾಮಾನ್ಯವಾಗಿ ಬಳಸುವ ಎನ್‌ಟಿಎಫ್‌ಎಸ್ ಎಂಬ ಬಗೆಯ ಡಿಸ್ಕುಗಳಲ್ಲಿ ಪ್ರತಿಯೊಂದು ಫೈಲಿನ ಹೆಸರೂ ಮಾಸ್ಟರ್ ಫೈಲ್ ಟೇಬಲ್ ಎಂಬ ಒಂದೇ ಕೋಷ್ಟಕದಲ್ಲಿ ದಾಖಲಾಗಿರುತ್ತದೆ. ಈ ಪ್ರೋಗ್ರಾಮು ಫೋಲ್ಡರುಗಳನ್ನು ಒಂದೊಂದಾಗಿ ತೆರೆಯದೆ ನೇರವಾಗಿ ಆ ಕೋಷ್ಟಕವನ್ನೇ ಓದಿಕೊಳ್ಳುವುದರಿಂದ, ಲಕ್ಷಗಟ್ಟಲೆ ಫೈಲುಗಳಿದ್ದರೂ ನೀವು ಟೈಪ್ ಮಾಡುತ್ತಿದ್ದಂತೆಯೇ ಫಲಿತಾಂಶ ಬರುತ್ತದೆ. ಹೆಸರಿನ ನಡುವಿನ ತುಣುಕೂ ಸಿಗುತ್ತದೆ, ಕನ್ನಡದ ಹೆಸರುಗಳೂ ಸಿಗುತ್ತವೆ.

ಒಳಗಿನ ಮಾತು ನೆನಪಿದ್ದರೆ: ಕನ್ನಡದ ವಿಶೇಷ ಕಷ್ಟಗಳು

ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯುನಿಕೋಡ್ ವಿಧಾನದಲ್ಲಿ ಬರೆದ ಕನ್ನಡ ಫೈಲುಗಳನ್ನು ಒಳಗಿನ ಪದದಿಂದ ಹುಡುಕಬಹುದು, ಆದರೆ ಹುಡುಕುವ ಪದವನ್ನು ಆರಿಸುವಾಗ ನಮ್ಮ ಭಾಷೆಯ ರಚನೆಯನ್ನು ಗಮನದಲ್ಲಿಡಬೇಕು. ಇಂಗ್ಲಿಷಿನ ಪದ ಹೆಚ್ಚು ಬದಲಾಗದೆ ನಿಂತರೆ ಕನ್ನಡದ ಪದ ವಿಭಕ್ತಿಯೊಂದಿಗೆ ರೂಪ ಬದಲಿಸುತ್ತದೆ. ಪತ್ರದಲ್ಲಿ ಜಮೀನಿನ, ಜಮೀನನ್ನು, ಜಮೀನಿಗೆ ಎಂದೆಲ್ಲ ಬರೆದು, ಹುಡುಕುವಾಗ ಜಮೀನು ಎಂದು ಟೈಪ್ ಮಾಡಿದರೆ ಆ ಪತ್ರ ಸಿಗದೇ ಹೋಗಬಹುದು, ಏಕೆಂದರೆ ಆ ರೂಪಗಳಲ್ಲಿ ಮೀ ಆದ ಮೇಲೆ ಬರುವ ನಕಾರಕ್ಕೆ ಉಕಾರ ಇಲ್ಲ. ಕೊನೆಯ ಸ್ವರಚಿಹ್ನೆಯನ್ನು ಬಿಟ್ಟು ಜಮೀನ ಎಂದಷ್ಟೇ ಕೊಟ್ಟರೆ ಎಲ್ಲ ರೂಪಗಳಿಗೂ ಅದು ಆರಂಭವಾಗುತ್ತದೆ. ಸಮಾಸವಾದರೆ ಇನ್ನೂ ಎಚ್ಚರ ಬೇಕು: ಕೃಷಿಜಮೀನು ಎಂದು ಕೂಡಿಸಿ ಬರೆದಿದ್ದರೆ ಜಮೀನು ಪದದ ಆರಂಭದಲ್ಲಿ ಇರುವುದಿಲ್ಲ. ಇಂಥ ಕಡೆ ಊರಿನ ಹೆಸರು, ವ್ಯಕ್ತಿಯ ಹೆಸರು, ಸರ್ವೆ ನಂಬರು, ರಸೀದಿ ಸಂಖ್ಯೆ ಇವುಗಳಿಂದ ಹುಡುಕುವುದು ಹೆಚ್ಚು ನೆಚ್ಚಿಕೆಯದು. ಅಂಕಿಗಳನ್ನು ಒಮ್ಮೆ ಕನ್ನಡದಲ್ಲಿ ೧೨ ಎಂದೂ ಇನ್ನೊಮ್ಮೆ 12 ಎಂದೂ ಬರೆಯುವ ಅಭ್ಯಾಸವಿದ್ದರೆ ಎರಡನ್ನೂ ಕೊಟ್ಟು ನೋಡಬೇಕಾಗುತ್ತದೆ.

ಕಣ್ಣಿಗೆ ಕಾಣದ ಮತ್ತೊಂದು ಅಡ್ಡಿಯಿದೆ. ಸಾಫ್ಟ್‌ವೇರ್, ಡೌನ್‌ಲೋಡ್ ಮುಂತಾದ ಪದಗಳಲ್ಲಿ ಒತ್ತಕ್ಷರ ಕೂಡಿಕೊಳ್ಳದಂತೆ ತಡೆಯಲು ಅಕ್ಷರಗಳ ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆಯನ್ನು ಸೇರಿಸುತ್ತೇವೆ. ಬರೆದವರು ಅದನ್ನು ಹಾಕಿ, ಹುಡುಕುವವರು ಹಾಕದಿದ್ದರೆ ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಪದಗಳಾಗಿ ಕಾಣಬಹುದು. ಹಾಗೆಯೇ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿಯಾದ ಭಾಗಗಳನ್ನು ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಪದ ಖಂಡಿತವಾಗಿ ಇದೆ, ಆದರೆ ಹುಡುಕಾಟಕ್ಕೆ ಸಿಗುತ್ತಿಲ್ಲ ಎಂದಾದರೆ ಇಂಥ ಸಂಶಯದ ಅಕ್ಷರಗಳಿಲ್ಲದ ಬೇರೆ ಪದವೊಂದನ್ನು ಆರಿಸಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ಕಷ್ಟ ಹಳೆಯ ಫೈಲುಗಳದು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಎಂಬ ಎರಡು ಟೈಪಿಂಗ್ ತಂತ್ರಾಂಶಗಳು ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಬರೆಯುವ ಧೈರ್ಯ ಕೊಟ್ಟವು, ಮತ್ತು ಕರ್ನಾಟಕದ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಪತ್ರಿಕೆಗಳಲ್ಲಿ ಎರಡು ದಶಕಗಳ ಬರವಣಿಗೆ ಇವುಗಳಲ್ಲೇ ನಡೆಯಿತು. ಆ ಕಾಲದ ಆಸ್ಕಿ ಫಾಂಟುಗಳಲ್ಲಿ ಫೈಲಿನೊಳಗೆ ಕನ್ನಡದ ಅಕ್ಷರವೇ ಇರುವುದಿಲ್ಲ. ಇರುವುದು ಯುರೋಪಿನ ಅಕ್ಷರಗಳು. ಅವುಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಫಾಂಟು ತೋರಿಸುತ್ತದೆ. ನುಡಿಯಲ್ಲಿ ಕನ್ನಡ ಎಂದು ಬರೆದ ಪದವನ್ನು ಬಿಡಿಸಿ ನೋಡಿದರೆ ಮೊದಲು ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ನೆತ್ತಿಯ ಮೇಲೆ ಓರೆ ಗೀಟಿರುವ ದೊಡ್ಡ ಎ, ಅವೆರಡೂ ಸೇರಿ ಕ. ಆಮೇಲೆ ಬ್ರಿಟನ್ನಿನ ಹಣದ ಪೌಂಡ್ ಚಿಹ್ನೆ ಮತ್ತೊಮ್ಮೆ ಅದೇ ಎ, ಅದು ನ. ಜರ್ಮನ್ ಭಾಷೆಯ ಜೋಡಿ ಎಸ್ ಅಕ್ಷರ ನಕಾರದ ಒತ್ತು. ಕೊನೆಗೆ ಸಣ್ಣ ಕ್ಯೂ ಮತ್ತು ಅದೇ ಎ ಸೇರಿ ಡ. ಇಂಥ ಫೈಲಿನಲ್ಲಿ ಯುನಿಕೋಡಿನ ಕನ್ನಡ ಎಂಬ ಪದವನ್ನು ಹುಡುಕಿದರೆ ಕಂಪ್ಯೂಟರಿಗೆ ಸಿಗುವುದಾದರೂ ಹೇಗೆ? ಫೈಲು ಇದೆ, ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ, ಆದರೂ ಹುಡುಕಾಟದ ಪಾಲಿಗೆ ಅದರಲ್ಲಿ ಒಂದೂ ಕನ್ನಡ ಪದವಿಲ್ಲ. ಆ ಫಾಂಟುಗಳಿಂದ ತಯಾರಿಸಿದ ಪಿಡಿಎಫ್‌ಗಳ ಸ್ಥಿತಿಯೂ ಸಾಮಾನ್ಯವಾಗಿ ಇದೇ.

ಇಂಥ ಫೈಲುಗಳನ್ನು ಹುಡುಕುವಾಗ ಒಳಗಿನ ಪದವನ್ನು ನೆಚ್ಚಬೇಡಿ. ಫೋಲ್ಡರು, ತಾರೀಖು ಮತ್ತು ಹೆಸರು ಈ ಮೂರೇ ದಾರಿ. ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಅಕ್ಷರಗಳ ಸಾಲುಗಳು ಕಂಡರೆ ಫೈಲು ಕೆಟ್ಟಿದೆ ಎಂದು ಅಳಿಸಬೇಡಿ. ಆ ಫಾಂಟನ್ನು ಹಾಕಿಸಿಕೊಂಡರೆ ಬರಹ ಮತ್ತೆ ಓದಲು ಬರುತ್ತದೆ. ಫೈಲು ಸಿಕ್ಕಿ, ತೆರೆದು, ಒಳಗೆ ಒಂದು ಪ್ಯಾರಾ ಹುಡುಕಬೇಕಾದರೆ, ನುಡಿಯ ಆಸ್ಕಿ ವಿಧಾನದಲ್ಲೇ ಬರೆದ ಒಂದು ಪದವನ್ನು ಅದೇ ಫೈಲಿನಿಂದ ನಕಲಿಸಿ ವರ್ಡಿನ ಫೈಂಡ್ ಪೆಟ್ಟಿಗೆಗೆ ಅಂಟಿಸಬಹುದು; ಪೆಟ್ಟಿಗೆಯಲ್ಲಿ ವಿಚಿತ್ರವಾಗಿ ಕಂಡರೂ ಅದು ಹೊಂದಿಕೊಳ್ಳುತ್ತದೆ. ಶಾಶ್ವತ ಪರಿಹಾರ ಎಂದರೆ ಮತ್ತೆ ಮತ್ತೆ ಬೇಕಾಗುವ ಹಳೆಯ ಫೈಲುಗಳನ್ನು ಯುನಿಕೋಡಿಗೆ ಬದಲಿಸಿಕೊಳ್ಳುವುದು. ನುಡಿ ಮತ್ತು ಬರಹ ಎರಡರಲ್ಲೂ ಪರಿವರ್ತಕಗಳಿವೆ. ಮೂಲ ಫೈಲನ್ನು ಹಾಗೆಯೇ ಉಳಿಸಿ ನಕಲನ್ನು ಮಾತ್ರ ಬದಲಿಸಿ, ಅರ್ಕಾವತ್ತು, ಒತ್ತಕ್ಷರಗಳು ಮತ್ತು ನಡುವೆ ಬಂದ ಇಂಗ್ಲಿಷ್ ಪದಗಳನ್ನು ಕಣ್ಣಿಟ್ಟು ಓದಿ ನೋಡಿ. ಫಾಂಟನ್ನು ಗಮನಿಸದ ಪರಿವರ್ತಕ ಇಂಗ್ಲಿಷ್ ಪದಗಳನ್ನೂ ಕನ್ನಡದ ಅಕ್ಷರಗಳೆಂದೇ ತಿಳಿದು ಕೆಡಿಸಿಬಿಡುತ್ತದೆ. ಇದು ತಾಳ್ಮೆಯ ಕೆಲಸ. ಆದರೆ ಒಂದು ಸಂಘದ, ಒಂದು ಶಾಲೆಯ, ಒಬ್ಬ ಲೇಖಕರ ಇಪ್ಪತ್ತು ವರ್ಷದ ಬರವಣಿಗೆ ಮುಂದಿನವರ ಹುಡುಕಾಟಕ್ಕೆ ಸಿಗಬೇಕಾದರೆ ಯಾರಾದರೂ ಇದನ್ನು ಮಾಡಲೇಬೇಕು.

ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಅಕ್ಷರಗಳಿರುವುದಿಲ್ಲ, ಚಿತ್ರವಷ್ಟೇ ಇರುತ್ತದೆ. ಅಂಥ ಫೈಲನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸಿನಲ್ಲಿ ತೆರೆದರೆ ಕನ್ನಡ ಪಠ್ಯವನ್ನು ಗುರುತಿಸಿ ಕೊಡುತ್ತದೆ. ಮುದ್ರಣ ಸ್ಪಷ್ಟವಾಗಿದ್ದರೆ ಫಲಿತಾಂಶ ಚೆನ್ನಾಗಿರುತ್ತದೆ. ಗುಟ್ಟಾಗಿರಬೇಕಾದ ದಾಖಲೆಗಳನ್ನು ಮಾತ್ರ ಹೀಗೆ ಹೊರಗೆ ಕಳಿಸಬೇಡಿ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕಿನಲ್ಲಿ ಕಮಾಂಡ್ ಮತ್ತು ಸ್ಪೇಸ್ ಒತ್ತಿದರೆ 2005ರಿಂದ ಇರುವ ಸ್ಪಾಟ್‌ಲೈಟ್ ತೆರೆದುಕೊಳ್ಳುತ್ತದೆ. ಆಪಲ್ ಮೆನುವಿನ ರೀಸೆಂಟ್ ಐಟಮ್ಸ್ ಮತ್ತು ಫೈಂಡರಿನ ಎಡಪಕ್ಕದ ರೀಸೆಂಟ್ಸ್ ಈಚೆಗೆ ತೆರೆದವನ್ನು ತೋರಿಸುತ್ತವೆ. ಉಬುಂಟುವಿನಲ್ಲಿ ಫೈಲ್ಸ್ ಪ್ರೋಗ್ರಾಮಿನ ಎಡಪಕ್ಕದಲ್ಲಿ ರೀಸೆಂಟ್ ಇದೆ. ಯಾವ ಫೋಲ್ಡರಿನಲ್ಲಾದರೂ ನಿಂತು ಕಂಟ್ರೋಲ್ ಮತ್ತು ಎಫ್ ಒತ್ತಿ ಹುಡುಕಬಹುದು. ಕನ್ನಡದ ಪದಗಳ ಬಗ್ಗೆ ಮೇಲೆ ಹೇಳಿದ್ದೆಲ್ಲ ಇಲ್ಲಿಗೂ ಅನ್ವಯಿಸುತ್ತದೆ.

ಸೇವ್ ಮಾಡದ್ದು, ಅಳಿಸಿದ್ದು

ಕರೆಂಟು ಹೋಗಿ ಯಂತ್ರ ನಿಂತಾಗ ಸೇವ್ ಮಾಡದೆ ಉಳಿದ ವರ್ಡ್ ಬರಹ ಪೂರ್ತಿ ಹೋಯಿತು ಎಂದು ಕೈಚೆಲ್ಲಬೇಕಾಗಿಲ್ಲ. ವರ್ಡ್ ಮೂಲತಃ ಪ್ರತಿ 10 ನಿಮಿಷಕ್ಕೊಮ್ಮೆ ಒಂದು ರಕ್ಷಣಾ ಪ್ರತಿಯನ್ನು ಇಟ್ಟುಕೊಳ್ಳುತ್ತದೆ. ವರ್ಡನ್ನು ಮತ್ತೆ ತೆರೆದಾಗ ಎಡಪಕ್ಕದಲ್ಲಿ ಅದು ಕಾಣದಿದ್ದರೆ ಫೈಲ್, ಇನ್ಫೊ, ಮ್ಯಾನೇಜ್ ಡಾಕ್ಯುಮೆಂಟ್, ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್ ಎಂದು ಹೋಗಿ ನೋಡಿ. ಕರೆಂಟಿನ ಭರವಸೆ ಇಲ್ಲದ ಊರುಗಳಲ್ಲಿ ವರ್ಡಿನ ಆಪ್ಶನ್ಸಿನಲ್ಲಿ ಸೇವ್ ವಿಭಾಗಕ್ಕೆ ಹೋಗಿ ಆ 10 ನಿಮಿಷವನ್ನು 2ಕ್ಕೆ ಇಳಿಸಿಕೊಳ್ಳುವುದು ಜಾಣತನ.

ಅಳಿಸಿದ ಫೈಲು ರಿಸೈಕಲ್ ಬಿನ್ನಿನಲ್ಲಿ ಇರುತ್ತದೆ; ಡೇಟ್ ಡಿಲೀಟೆಡ್ ಕ್ರಮದಲ್ಲಿ ಜೋಡಿಸಿ ರಿಸ್ಟೋರ್ ಒತ್ತಿದರೆ ಅದು ಮೊದಲಿದ್ದ ಫೋಲ್ಡರಿಗೇ ಮರಳುತ್ತದೆ. ಪೆನ್‌ಡ್ರೈವಿನಿಂದ ಅಳಿಸಿದ್ದು ಮತ್ತು ಶಿಫ್ಟ್ ಹಿಡಿದು ಅಳಿಸಿದ್ದು ಮಾತ್ರ ಬಿನ್ನಿಗೆ ಹೋಗುವುದಿಲ್ಲ. ಅಂಥ ಸಂದರ್ಭದಲ್ಲಿ ಆ ಡ್ರೈವಿನಲ್ಲಿ ಹೊಸದೇನನ್ನೂ ಬರೆಯದೆ ಬದಿಗಿಟ್ಟು, ತಿಳಿದವರಲ್ಲಿಗೆ ಒಯ್ಯಬೇಕು. ಹೊಸ ಫೈಲು ಬರೆದಷ್ಟೂ ಹಳೆಯದು ಮರಳಿ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ.

ಸಿಕ್ಕಿದ ಮೇಲೆ ಮಾಡಬೇಕಾದದ್ದು

ಕಷ್ಟಪಟ್ಟು ಹುಡುಕಿದ ಫೈಲಿನ ಹೆಸರನ್ನು ಆಗಲೇ ಬದಲಿಸಿ, ಏಕೆಂದರೆ ನೀವು ಯಾವ ಪದದಿಂದ ಹುಡುಕಿದಿರಿ ಎಂಬುದು ಆ ಹೊತ್ತಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. ಅರ್ಜಿ ಫೈನಲ್ ನ್ಯೂ 2 ಎಂಬ ಹೆಸರಿನಿಂದ ಯಾರಿಗೂ ಉಪಯೋಗವಿಲ್ಲ. 2024-06-12 ಪಹಣಿ ತಿದ್ದುಪಡಿ ಅರ್ಜಿ ತಹಶೀಲ್ದಾರ್ ಎಂದಿಟ್ಟರೆ ತಾರೀಖು, ವಿಷಯ, ಯಾರಿಗೆ ಎಂಬ ಮೂರೂ ಅದರಲ್ಲಿ ಬಂದವು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಇರುವುದರಿಂದ ಹೆಸರಿನ ಪ್ರಕಾರ ಜೋಡಿಸಿದರೂ ಕಾಲಾನುಕ್ರಮವೇ ಬರುತ್ತದೆ. ತಾರೀಖಿನ ನಡುವೆ ಓರೆಗೆರೆ ಹಾಕಲು ವಿಂಡೋಸ್ ಬಿಡುವುದಿಲ್ಲ, ಹಾಗಾಗಿ ಅಡ್ಡಗೆರೆ ಬಳಸಿ. ಹೆಸರನ್ನು ಕನ್ನಡದಲ್ಲೇ ಇಡಲು ಹಿಂಜರಿಯಬೇಕಾಗಿಲ್ಲ, ಯುನಿಕೋಡ್ ವಿಧಾನದಲ್ಲಿ ಟೈಪ್ ಮಾಡುತ್ತಿದ್ದೀರಿ ಎಂಬುದನ್ನು ಖಚಿತಪಡಿಸಿಕೊಳ್ಳಿ ಅಷ್ಟೆ. ಆದರೆ ಫೋಲ್ಡರುಗಳ ಹೆಸರೆಲ್ಲ ಸೇರಿ ಒಟ್ಟು ವಿಳಾಸ 260 ಅಕ್ಷರಗಳನ್ನು ಮೀರಿದರೆ ಹಲವು ಪ್ರೋಗ್ರಾಮುಗಳು ಇಂದಿಗೂ ತೊಡಕು ಕೊಡುತ್ತವೆ, ಮತ್ತು ಈ ಲೆಕ್ಕದಲ್ಲಿ ಕ್ಷ ಎಂಬ ಒಂದು ಅಕ್ಷರ ಕಕಾರ, ಹಲಂತ ಚಿಹ್ನೆ, ಷಕಾರ ಎಂದು ಮೂರಾಗಿ ಎಣಿಕೆಯಾಗುತ್ತದೆ. ಆದ್ದರಿಂದ ಕನ್ನಡದ ಹೆಸರುಗಳನ್ನು ನಾಲ್ಕೈದು ಪದಗಳಿಗೆ ಮಿತಿಗೊಳಿಸಿ, ಫೋಲ್ಡರಿನೊಳಗೆ ಫೋಲ್ಡರು ಇಡುವುದನ್ನು ಮೂರು ಹಂತಕ್ಕೆ ನಿಲ್ಲಿಸುವುದು ಅನುಕೂಲ.